ಅರ್ಧ ಡ್ರಮ್ಮು ನೀರು

1956ರಲ್ಲಿ ನಾನು ಅಂಧೇರಿಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮುಖ ಕಂಡವಳು ನಾನೊಬ್ಬಳೇ. ಅವರಿವರ ರವಿಕೆ ಹೊಲಿಯುತ್ತ ಬಿ.ಎ. ಮುಗಿಸಿದವಳು. ಕಲಿಯಲಾರದ ಮಗು ಇದೆ ಎಂದರೆ ನಾನು ನಂಬುತ್ತಿರಲಿಲ್ಲ. ಆ ನಂಬಿಕೆಯನ್ನು ಅಲ್ಲಾಡಿಸಿದವಳು ಸುಮಿತ್ರಾ.

ವಿಲೆ ಪಾರ್ಲೆಯ ಚಾಳಿನಲ್ಲಿದ್ದ ಆ ವಿಜಾಪುರದ ಕುಟುಂಬದ ಹುಡುಗಿಗೆ ಹತ್ತು ವರ್ಷ. ಪೋಲಿಯೊದಿಂದ ಕಾಲು ಸೋತು, ಓದೆಲ್ಲ ಮನೆಯಲ್ಲೇ. ಸಂಜೆ ನಾನು ಹೋಗಿ ಕಲಿಸುತ್ತಿದ್ದೆ. ಗಣಿತದ ಪರೀಕ್ಷೆಯಲ್ಲಿ ಪಾಸಾದರೆ ಜೂನ್‌ನಲ್ಲಿ ನಾಲ್ಕನೇ ಇಯತ್ತೆಗೆ ಸೇರಿಸಿಕೊಳ್ಳಲು ನಮ್ಮ ಮುಖ್ಯೋಪಾಧ್ಯಾಯಿನಿ ಒಪ್ಪಿದ್ದರು. ಅವಳ ಅಪ್ಪ ಮಿಲ್ಲಿನಲ್ಲಿ ಗುಮಾಸ್ತ. "ಪಾಸಾದ್ರ ದಿನಾ ಹೊತ್ಕೊಂಡು ಸಾಲಿಗೆ ಒಯ್ತೀನ್ರಿ. ಇಲ್ಲಂದ್ರ ಮನ್ಯಾಗ ಇರ್ಲಿ, ಮತ್ತ ಆಕಿಗೆ ಆಸೆ ಹಚ್ಚಬ್ಯಾಡ್ರಿ" ಎಂದಿದ್ದರು.

ಭಿನ್ನರಾಶಿ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅರ್ಧದಲ್ಲಿ ಮೂರನೇ ಒಂದನ್ನು ಕಳೆ ಎಂದರೆ, ಮೇಲಿನ ಒಂದರಲ್ಲಿ ಒಂದು ಕಳೆದು "ಏನೂ ಉಳಿಯೂದಿಲ್ರಿ" ಎನ್ನುತ್ತಿದ್ದಳು. ಕಥೆ ಕಟ್ಟಿ ಹೇಳಿದೆ. ಮರುದಿನ ಕಥೆಯಲ್ಲಿ ರೊಟ್ಟಿ ಹಂಚಿಕೊಂಡವರ ಹೆಸರೆಲ್ಲ ನೆನಪಿರುತ್ತಿತ್ತು, ಲೆಕ್ಕ ಮಾತ್ರ ಇಲ್ಲ. ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದ ಅವಳ ಅಜ್ಜಿಯದು ಒಂದು ಕಟ್ಟಪ್ಪಣೆ: ಕಥೆ ಅರ್ಧಕ್ಕೆ ಬಿಟ್ಟು ಏಳಬಾರದು, ಕೂಸಿಗೆ ನಿದ್ದೆ ಹತ್ತುವುದಿಲ್ಲ. ಹಾಗಾಗಿ ಎಲ್ಲರಿಗೂ ಪಾಲು ಕೊಟ್ಟು, ಎಲ್ಲರನ್ನೂ ಸುಖವಾಗಿಟ್ಟೇ ನಾನು ಏಳುತ್ತಿದ್ದೆ. ಮೇ ಮುಗಿಯುತ್ತ ಬಂತು. ಲೋಕಲ್‌ನಲ್ಲಿ ನಿಂತು ಮನೆಗೆ ಹೋಗುವಾಗ, ಒಲ್ಲೆನೆಂದು ಹೇಳಿಬಿಡಲೇ ಅನ್ನಿಸುತ್ತಿತ್ತು. ಆದರೆ ಆ ಖೋಲಿಯಿಂದ ಹೊರಬೀಳಲು ಅವಳಿಗೆ ಬೇರೆ ಬಾಗಿಲಿರಲಿಲ್ಲ.

ಒಂದು ಸಂಜೆ ಗಂಗವ್ವನ ಕಥೆ ತೆಗೆದೆ. ಗಂಗವ್ವನ ಮನೆಯಲ್ಲಿರುವುದು ಅರ್ಧ ಡ್ರಮ್ಮು ನೀರು. ಮಗ ಜ್ವರದಲ್ಲಿ ಮಲಗಿದ್ದಾನೆ. ಪಕ್ಕದ ಬಾಣಂತಿ ಬಂದು ಇಡೀ ಡ್ರಮ್ಮಿನ ಮೂರನೇ ಒಂದು ಪಾಲು ಕೇಳುತ್ತಾಳೆ. ಕೊಟ್ಟರೆ ಮಗನಿಗೆ ಎಷ್ಟು ಉಳಿದೀತು?

"ಏನೂ..." ಎಂದವಳು ಅಲ್ಲಿಗೇ ನಿಲ್ಲಿಸಿ ಮುಖ ಸಣ್ಣ ಮಾಡಿದಳು. ಅಷ್ಟರಲ್ಲಿ ಚಾಳಿನ ನಳಕ್ಕೆ ನೀರು ಬಂತು. ಅಜ್ಜಿ ಕೊಡ ಹಿಡಿದು ಓಡಿದರು. ನಳದ ಮುಂದಿನ ಸಾಲು ಕರಗುವ ಲಕ್ಷಣ ಕಾಣಲಿಲ್ಲ. ಲೋಕಲ್‌ಗೆ ಹೊತ್ತಾಗಿ ನಾನೂ ಎದ್ದುಬಿಟ್ಟೆ.

ಮರುದಿನ ಚಪ್ಪಲಿ ಬಿಡುವ ಮೊದಲೇ ಅಜ್ಜಿ ತರಾಟೆಗೆ ತೆಗೆದುಕೊಂಡರು. "ಎಂಥಾ ಕೆಲಸಾ ಮಾಡಿದ್ರಿ ಅಕ್ಕೋರ? ರಾತ್ರಿ ಕೂಸು ಕಣ್ಣು ಮುಚ್ಚಿಲ್ಲ."

ಹಾಸಿಗೆಯ ಪಕ್ಕದ ಸುಣ್ಣದ ಗೋಡೆಯ ಮೇಲೆ ಉಗುರಿನಿಂದ ಕೆರೆದ ಡ್ರಮ್ಮು, ಅದರೊಳಗೆ ಆರು ಪಾಲು. ಸುಮಿತ್ರಾ ಎಂದಳು, "ಗಂಗವ್ವ ಕೊಡ್ಲಿ ಬಿಡ್ರಿ. ಅರ್ಧದ ಮೂರು ಪಾಲಿನಾಗ ಎರಡು ಹೋದ್ರೂ ಒಂದು ಉಳೀತದ."

ಅಂದಿನಿಂದ ದಿನವೂ ಯಾರನ್ನಾದರೂ ಸಂಕಟದಲ್ಲಿ ಬಿಟ್ಟೇ ಏಳುತ್ತಿದ್ದೆ. ಅಜ್ಜಿಯ ಬೈಗುಳವನ್ನು ನುಂಗಿಕೊಂಡೆ.

ಪರೀಕ್ಷೆಯ ದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಪಾಟಿಯ ಮೇಲೆ ಬರೀ ಅಂಕಿ ಬರೆದರು: ಮುಕ್ಕಾಲಿನಲ್ಲಿ ಮೂರನೇ ಎರಡು ಕಳೆ. ಸುಮಿತ್ರಾ ಬಳಪ ಮುಟ್ಟದೆ ಅಂಕಿಗಳನ್ನೇ ನೋಡಿದಳು. ಬಾಗಿಲಲ್ಲಿ ಅವಳಪ್ಪ ತಲೆ ತಗ್ಗಿಸಿದರು. ಕೊನೆಗೆ ಅವಳು ಕೇಳಿದಳು, "ಅಷ್ಟು ಯಾರಿಗೆ ಬೇಕಾಗೇದ್ರಿ?"

ಮುಖ್ಯೋಪಾಧ್ಯಾಯಿನಿ ಹುಬ್ಬು ಗಂಟಿಕ್ಕಿ ನನ್ನತ್ತ ನೋಡಿದರು. ಸುಮಿತ್ರಾಳೇ ಯಾರನ್ನೋ ನೆನೆಸಿಕೊಂಡಿರಬೇಕು, ಪಾಟಿಯ ಮೇಲೆ ಡ್ರಮ್ಮು ಬರೆದು ಹನ್ನೆರಡು ಪಾಲು ಮಾಡಿದಳು. "ಹನ್ನೆರಡರಾಗ ಒಂದು ಉಳೀತದ್ರಿ. ಭಾಳ ಇಲ್ಲ, ಕುಡಿಯಾಕ ಆಗತದ."

ಅವಳ ಹೆಸರು ಹಾಜರಿ ಪುಸ್ತಕಕ್ಕೆ ಸೇರಿತು. ಮುಗಿದ ಕಥೆಯನ್ನು ಮಕ್ಕಳು ನಮಗೇ ಬಿಟ್ಟು ಹೋಗುತ್ತಾರೆ, ಮುಗಿಯದ್ದನ್ನು ಮನೆಗೆ ಒಯ್ಯುತ್ತಾರೆ. ಬಿ.ಎ. ಕಲಿಸದ ಈ ಮಾತನ್ನು ನನಗೆ ಈ ಕೆಲಸ ಕಲಿಸಿತು. ಆಮೇಲೆ ನಿವೃತ್ತಿಯವರೆಗೂ ನಾನು ಯಾವ ಕಥೆಯನ್ನೂ ಮುಗಿಸಲಿಲ್ಲ.

ಒಂದನ್ನು ಬಿಟ್ಟು. ಪರೀಕ್ಷೆಯ ದಿನದ ಸಂಜೆ ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಆ ಗಂಗವ್ವನ ಮಗನ ಜ್ವರಾ ಈಗರೆ ಇಳಸ್ರಿ ಅಕ್ಕೋರ. ನನಗೂ ನಿದ್ದಿ ಹತ್ತವಲ್ದು."

ಇಳಿಸಿದೆ.