ಗಾಯಕ್ಕೆ ಮೀನು ನಂಜು

ಮಗಳು ಅತ್ತಾಗ ತುಟಿ ನೀಲಿಯಾಗುತ್ತಿತ್ತು. ಹಠಕ್ಕೆ ಉಸಿರು ಕಟ್ಟುತ್ತಾಳೆ ಎಂದುಕೊಂಡಿದ್ದೆವು. ಮಣಿಪಾಲದಲ್ಲಿ ಎಕೋ ಮಾಡಿದ ಡಾಕ್ಟರ್, ಹುಟ್ಟಿನಿಂದಲೇ ಹೃದಯದಲ್ಲಿ ತೂತು ಉಂಟು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಸರಿಯಿಲ್ಲ ಎಂದರು.

ಆಪರೇಷನ್ ಆಗಲೇಬೇಕು.

ಆಯಿತು. ತೂತು ಮುಚ್ಚಿ, ವಾಲ್ವ್ ಇರುವ ಒಂದು ಕೊಳವೆ ಹಾಕಿದರು. ತುಟಿಗೆ ಬಣ್ಣ ಬಂತು. ಚೆನ್ನಾಗಿ ತಿನ್ನಿಸಿ, ದಿನವೂ ಸ್ವಲ್ಪ ಸ್ವಲ್ಪ ನಡೆಸಿ ಎಂದು ಕಳಿಸಿದರು. ಕಷ್ಟವೆಲ್ಲ ಮುಗಿಯಿತೆಂದು ನಮ್ಮೂರು ಉಚ್ಚಿಲಕ್ಕೆ ಕರೆತಂದೆವು.

ಮುಗಿದಿರಲಿಲ್ಲ. ಐದು ವರ್ಷದ ಶ್ರೇಯಾ ಬಾಗಿಲಿನಿಂದ ಬಾವಿಕಟ್ಟೆಗೆ ಹೋಗುವಷ್ಟರಲ್ಲಿ ಕುಸಿದು ಕೂರುತ್ತಿದ್ದಳು. ಕಂಕುಳಿಗೆ ಕೈ ಹಾಕಿ ಎತ್ತುವ ಹಾಗಿಲ್ಲ, ಆಪರೇಷನ್‌ಗೆ ಕೊಯ್ದ ಎದೆಯ ಮೂಳೆ ಇನ್ನೂ ಕೂಡಿಲ್ಲ. ಪಕ್ಕದಲ್ಲಿ ನಾನೂ ಕೂರುತ್ತಿದ್ದೆ. ಅವಳ ಕೈಕಾಲು ಕಡ್ಡಿಯಾಗುತ್ತಾ ಹೋದವು. ಹೃದಯ ಮತ್ತೆ ಕೆಟ್ಟಿತೋ ಎಂದು ಹೆದರಿ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಕೇಳಿ ನನಗೆಂತ ಗೊತ್ತಾಗಬೇಕು?

ಮತ್ತೆ ಮಣಿಪಾಲಕ್ಕೆ ಹೋದಾಗ ಫಿಸಿಯೋಥೆರಪಿಯ ಮೇಡಂ ಕೇಳಿದರು, "ಊಟಕ್ಕೆ ಎಂತ ಕೊಡ್ತೀರಿ?"

"ಗಂಜಿ, ತುಪ್ಪ," ಎಂದೆ.

"ಮೀನು?"

"ಅಯ್ಯೋ, ಗಾಯ ಉಂಟಲ್ವಾ? ನಂಜಾಗಿ ಕೀವು ಬರ್ತದೆ," ಎಂದರು ಜೊತೆಗೆ ಬಂದಿದ್ದ ನನ್ನ ಅತ್ತೆ.

ಅತ್ತೆ ಕಾಪುವಿನಲ್ಲಿ ಮೀನು ಮಾರುವವರು, ಗಂಡ ಬೋಟಿಗೆ ಹೋಗುವವನು. ಮೀನಿನಲ್ಲೇ ಬದುಕುವ ಮನೆ ನಮ್ಮದು. ಮಗುವಿಗೆ ಆಸೆಯಾಗಬಾರದೆಂದು ನಾವೆಲ್ಲರೂ ಮೀನು ಬಿಟ್ಟಿದ್ದೆವು. ಅದಕ್ಕಾಗಿ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆವು ಕೂಡ.

ಮೇಡಂ ನಗಲಿಲ್ಲ. "ಗಾಯ ಒಣಗಿದೆ ಅಮ್ಮಾ. ಮೂಳೆ ಕೂಡಲಿಕ್ಕೆ, ಕಾಲಿಗೆ ಬಲ ಬರಲಿಕ್ಕೆ ಪ್ರೊಟೀನ್ ಬೇಕು. ಹಸಿದ ಮಗು ಹೇಗೆ ನಡೀತದೆ?"

ಹಸಿದ ಮಗು.

ಬಸ್ಸು ಉಡುಪಿ ದಾಟಿದರೂ ಅತ್ತೆ ಸೆರಗಿನಿಂದ ಮುಖ ತೆಗೆಯಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎಲ್ಲರೂ ಸೇರಿ, ಪ್ರೀತಿಯಿಂದಲೇ, ಮಗುವನ್ನು ಉಪವಾಸ ಕೆಡವಿದ್ದೆವು.

ಮರುದಿನ ಅತ್ತೆ ಕಾಣೆ ಮೀನಿನ ಮುಳ್ಳು ಬಿಡಿಸಿ ಗಂಜಿಗೆ ಕಲಸಿದರು. ನಂಜಾಗಲಿಲ್ಲ. ಈಗ ಶ್ರೇಯಾ ನಡುನಡುವೆ ನಿಂತು ದಣಿವಾರಿಸಿಕೊಂಡು ಕಡಲಿನವರೆಗೆ ತಾನೇ ನಡೆಯುತ್ತಾಳೆ.

ಮೊನ್ನೆ ಡಾಕ್ಟರ್ ಹೇಳಿದರು, "ಒಳ್ಳೆ ಬೆಳೀತಿದ್ದಾಳೆ. ಆದರೆ ಆ ವಾಲ್ವ್ ಅವಳೊಟ್ಟಿಗೆ ಬೆಳೆಯುವುದಿಲ್ಲ. ಅವಳಿಗೆ ಅದು ಸಣ್ಣದಾದಾಗ ಬದಲಿಸಬೇಕು."

ಮತ್ತೆ ಎದೆ ತೆರೆಯಬೇಕು.

ಅವಳು ತಿನ್ನುವ ಪ್ರತಿ ತುತ್ತೂ ಅವಳನ್ನು ಬೆಳೆಸುತ್ತದೆ, ಆ ದಿನದ ಹತ್ತಿರಕ್ಕೂ ಒಯ್ಯುತ್ತದೆ. ಗೊತ್ತಿದ್ದೇ ಬಡಿಸುತ್ತೇನೆ. "ಅಮ್ಮಾ, ಇನ್ನೊಂದು ತುಂಡು ಉಂಟಾ?" ಎಂದು ಬಟ್ಟಲು ಒಡ್ಡಿದಾಗ ಸಂತೋಷವೂ ಆಗುತ್ತದೆ, ಅಳುವೂ ಬರುತ್ತದೆ. ದೊಡ್ಡ ತುಂಡನ್ನೇ ಹಾಕುತ್ತೇನೆ.