ಸ್ಪೇನಿನಿಂದ ಬಂದ ಹೆಸರು

ನನ್ನ ಗಂಡ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಐವತ್ತರ ದಶಕದಲ್ಲಿ ಮಗಳು ಹುಟ್ಟಿದಾಗ ನಾವು ಜೋಗೇಶ್ವರಿಯ ಚಾಳೊಂದರಲ್ಲಿದ್ದೆವು. ಹಡಗಿನಿಂದ ಮರಳಿದವರು ಮಗುವನ್ನು ಎತ್ತಿಕೊಂಡು, “ಇವಳಿಗೆ ಅಲ್ಮಾ ಅಂತ ಇಡುವ. ಸ್ಪೇನಿನವರ ಹೆಸರು” ಎಂದರು.

ನನಗೆ ಅನುಮಾನ ಬಂತು. “ಯಾರವಳು?” ಎಂದು ಕೇಳಿದೆ.

ಅವರು ನಕ್ಕರು. ಸ್ಪೇನಿನ ಬಂದರೊಂದರಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ್ದಾಗ ಆರೈಕೆ ಮಾಡಿದ ಮುದುಕಿ ನರ್ಸಿನ ಹೆಸರಂತೆ ಅದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಇವರು ಕೈಸನ್ನೆಯಲ್ಲಿ ಗಂಜಿ ಕೇಳಿದಾಗ ಅವಳು ಅನ್ನವನ್ನು ಮೆತ್ತಗೆ ಬೇಯಿಸಿ ತಂದು ಉಣಿಸಿದ್ದಳಂತೆ. “ಅಲ್ಮಾ ಅಂದರೆ ಅವರ ಭಾಷೆಯಲ್ಲಿ ಆತ್ಮ” ಎಂದರು.

ನನ್ನ ಅನುಮಾನ ಕರಗಿತು, ಅಳುಕು ಮಾತ್ರ ಉಳಿಯಿತು. ನಾವು ಉಡುಪಿ ಕಡೆಯವರು. ನಮ್ಮವರಾರೂ ಕಂಡಿರದ ದೇಶದ ಹೆಸರನ್ನು ಈ ಕೂಸು ಜೀವನವಿಡೀ ಯಾಕೆ ಹೊತ್ತು ತಿರುಗಬೇಕು? ಆದರೆ ಆ ಮುದುಕಿಯ ಋಣವನ್ನು ಬೇರೆ ಹೇಗೆ ನೆನೆಯುವುದು ಎಂಬುದೂ ನನಗೆ ಹೊಳೆಯಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಅತ್ತೆಗೆ ಹೆಸರು ಹೇಳಿದೆ. ಅವರಿಗೆ ಕಿವಿ ಮಂದ.

“ಎಂತ, ಅಮ್ಮ ಅಂತಲಾ? ಒಳ್ಳೇದಾಯ್ತು ಮಾರಾಯ್ತಿ. ನನ್ನ ಅಮ್ಮನನ್ನೇ ಕರೆದ ಹಾಗಾಯ್ತು” ಎಂದು ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹಾಗೆಯೇ ಉಸುರಿದರು.

ತಿದ್ದಲು ಗಂಡ ಬಾಯಿ ತೆರೆದರು. ಬೇಡವೆಂದು ನಾನು ಕಣ್ಣಲ್ಲೇ ತಡೆದೆ. ಅತ್ತೆಯ ಮುಖ ಅಷ್ಟು ಬೆಳಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಂದಿನಿಂದ ಅವಳು ಅಜ್ಜಿಗೆ ಅಮ್ಮ, ಮಿಕ್ಕವರಿಗೆ ಅಲ್ಮಾ. ಎರಡಕ್ಕೂ ಓಗೊಡುತ್ತ ಬೆಳೆದಳು.