ಎಡಗಡೆ ಸೀಟಿನ ಮೇಷ್ಟ್ರು

ಗುಬ್ಬಿಯ ಅಡವಿಯಪ್ಪ ಮೇಷ್ಟ್ರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡಿದವರಲ್ಲ. ಅವರ ಶಾಲೆಗೆ ನಾಲ್ಕು ಚಕ್ರ, ನಾಲ್ಕು ಬಾಗಿಲು. ಅದರಲ್ಲಿ ಒಂದು ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಬಿಳಿ ಬಣ್ಣದ ಆ ಹಳೇ ಮಾರುತಿಯಲ್ಲಿ ಅವರು ನಲವತ್ತು ವರ್ಷದ ಹತ್ತಿರ ಹತ್ತಿರ ಗುಬ್ಬಿಯ ಅರ್ಧ ಜನಕ್ಕೆ, ಭಾನುವಾರಗಳಂದು ಕುಣಿಗಲ್ಲಿನ ಕಾಲು ಭಾಗಕ್ಕೆ ಕಾರು ಕಲಿಸಿದ್ದರು. ಆ ನಲವತ್ತರಲ್ಲಿ ಮೊದಲ ಕೆಲವು ವರ್ಷ ಇದ್ದದ್ದು ಅಂಬಾಸಿಡರ್. ಅದು ತೀರಿಕೊಂಡ ಮೇಲೆ ಈ ಮಾರುತಿ. ಮೇಷ್ಟ್ರು ಶಿವಭಕ್ತರು. ದಿನಾ ಬೆಳಗ್ಗೆ ತಮ್ಮ ಹಣೆಯ ವಿಭೂತಿ ಆದಮೇಲೆ ಅದೇ ಮೂರು ಬೆರಳನ್ನು ಬಾನೆಟ್ಟಿನ ಮೇಲೂ ಎಳೆಯುತ್ತಿದ್ದರು. ಮಾರುತಿಗೂ ಈಶ್ವರನಿಗೂ ರಾಜಿ ಮಾಡಿಸಿದ್ದು ನಮ್ಮ ಮೇಷ್ಟ್ರೇ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನವರು ನಗುತ್ತಿದ್ದರು.

ಕಲಿಸುವ ಕಾರುಗಳಲ್ಲಿ ಎಡಗಡೆಗೂ ಒಂದು ಬ್ರೇಕು ಇರುತ್ತದೆ. ಮೇಷ್ಟ್ರ ಕಾರಿನಲ್ಲಿ ಅದು ಇರಲಿಲ್ಲ, ಬಿದಿರಿನ ಕೋಲು ಇತ್ತು. ಕೋಲಿನ ತುದಿಗೆ ಸೈಕಲ್ ಟೈರಿನ ತುಂಡು ಸುತ್ತಿ, ಎಡಗಡೆ ಸೀಟಿನಲ್ಲಿ ಕೂತಲ್ಲಿಂದಲೇ ಶಿಷ್ಯರ ಕಾಲಿನ ಸಂದಿಯಲ್ಲಿ ತೂರಿಸಿ ಬ್ರೇಕು ಒತ್ತುತ್ತಿದ್ದರು. ಕೆಲವೊಮ್ಮೆ ಬ್ರೇಕು ತಪ್ಪಿ ಮೊಣಕಾಲಿಗೂ ಬೀಳುತ್ತಿತ್ತು. ಅದೂ ಪಾಠದ ಭಾಗವೇ. ಶಿಷ್ಯರು ಆ ಕೋಲಿಗೆ ಇಟ್ಟಿದ್ದ ಹೆಸರು ‘ಮುಟ್ಟುಗೋಲು’. ಪೊಲೀಸರ ಮುಟ್ಟುಗೋಲಿನಲ್ಲಿ ಗಾಡಿ ಹೋಗುತ್ತದೆ, ನನ್ನ ಮುಟ್ಟುಗೋಲಿನಲ್ಲಿ ಗಾಡಿ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ ಎಂದು ಮೇಷ್ಟ್ರೂ ಹೇಳಿಕೊಂಡು ಖುಷಿಪಡುತ್ತಿದ್ದರು.

ಇಂಥ ಮೇಷ್ಟ್ರಿಗೆ ಲೈಸೆನ್ಸ್ ಇರಲಿಲ್ಲ. ಇತ್ತು, ಐವತ್ತು ತುಂಬುವ ದಿನದವರೆಗೆ. ಐವತ್ತಾದ ಮೇಲೆ ಡಾಕ್ಟರ ಸರ್ಟಿಫಿಕೇಟು ತಂದು ಮತ್ತೆ ಮಾಡಿಸಬೇಕಿತ್ತು. ಈ ವಾರ, ಮುಂದಿನ ವಾರ ಎನ್ನುವಷ್ಟರಲ್ಲಿ ವರ್ಷಗಳು ಓವರ್‌ಟೇಕ್ ಮಾಡಿಕೊಂಡು ಹೋದವು. ಕೊನೆಗೊಂದು ದಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದಾಗ, ತುಂಬಾ ತಡವಾಯಿತು, ಇನ್ನು ಹೊಸಬರ ಹಾಗೆಯೇ ಕಲಿಯುವವರ ಲೈಸೆನ್ಸು, ಎಲ್‌ಎಲ್, ಮಾಡಿಸಿ, ಎಲ್ ಬೋರ್ಡ್ ಹಾಕಿ, ಟ್ರ್ಯಾಕಿನಲ್ಲಿ ಓಡಿಸಿ ತೋರಿಸಿ ಎಂದರು. ಟ್ರ್ಯಾಕಿನ ಸುತ್ತ ನಿಂತಿರುವವರಲ್ಲಿ ಅರ್ಧ ಜನ ತನ್ನ ಶಿಷ್ಯರು. ಅವರೆದುರು ಎಲ್ ಬೋರ್ಡ್ ಕಟ್ಟಿಕೊಂಡು ಹೋಗುವುದನ್ನು ನೆನೆಸಿಕೊಂಡೇ ಮೇಷ್ಟ್ರ ಮುಖ ಬ್ರೇಕ್ ಲೈಟಿನ ಹಾಗೆ ಕೆಂಪಾಯಿತು. ಮನೆಗೆ ಬಂದು ಒಂದು ತೀರ್ಮಾನ ಮಾಡಿದರು: ಲೈಸೆನ್ಸ್ ಬೇಕಾಗಿರುವುದು ಓಡಿಸುವವನಿಗೆ. ನಾನು ಓಡಿಸುವುದೇ ಇಲ್ಲ.

ಮಾತಿಗೆ ತಪ್ಪಿದವರೂ ಅಲ್ಲ. ಆ ದಿನದಿಂದ ಅವರು ಬಲಗಡೆ ಸೀಟಿನಲ್ಲಿ ಕೂರಲಿಲ್ಲ. ತರಕಾರಿ ತರುವುದಿದ್ದರೂ ಯಾರಾದರೂ ಶಿಷ್ಯನ ಕ್ಲಾಸಿನಲ್ಲೇ ಸಂತೆಗೆ ಹೋಗುತ್ತಿದ್ದರು. ಅದನ್ನು ಅವರು ಕಾನೂನು ಪಾಲನೆ ಎಂದೇ ಭಾವಿಸಿದ್ದರು. ಕಲಿಯುವವರ ಪಕ್ಕ ಕೂರುವವನಿಗೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಇಲ್ಲದಿದ್ದರೆ ಕಲಿಯುವವರ ಎಲ್‌ಎಲ್ಲಿಗೂ ಬೆಲೆಯಿಲ್ಲ ಎನ್ನುವ ನಿಯಮ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಎಂದೋ ಗೊತ್ತಿತ್ತು. ಮರೆಯುವುದು ಅನುಕೂಲವಾಗಿತ್ತು.

ವಾಣಿಶ್ರೀ ಅವರ ಬಳಿ ಬಂದಿದ್ದು ಈ ವರ್ಷದ ಸಂಕ್ರಾಂತಿ ಆದಮೇಲೆ. ಗುಬ್ಬಿ ಪಕ್ಕದ ಹಳ್ಳಿಯವಳು, ಮೂವತ್ತನಾಲ್ಕರ ಹೆಂಗಸು, ಮನೆಯಲ್ಲಿ ಹೊಲಿಗೆ ಹೊಲಿಯುವವಳು, ಮಹಿಳಾ ಸಂಘದ ಸದಸ್ಯೆ. ಅವರ ಪಂಚಾಯಿತಿಗೆ ಕಸ ಸಾಗಿಸುವ ಹೊಸ ಗಾಡಿ ಬಂದು ಎಂಟು ತಿಂಗಳಾಗಿತ್ತು. ಸಂಘದ ಹೆಂಗಸೇ ಅದನ್ನು ಓಡಿಸಬೇಕೆಂದು ನಿಯಮ. ಓಡಿಸಲು ಬರುವ ಹೆಂಗಸು ಸಿಗದೆ ಗಾಡಿ ಕಚೇರಿಯ ಹಿಂದೆ ನಿಂತು ತಾನೇ ಕಸ ಆಗುತ್ತಿತ್ತು. ವಾಣಿಶ್ರೀ ಕೈ ಎತ್ತಿದಳು. ಹಳ್ಳಿಯಲ್ಲಿ ನಕ್ಕವರೂ ಇದ್ದರು. ಅವಳು ಮೇಷ್ಟ್ರ ಹತ್ತಿರ ಅಂದಿದ್ದು ಇಷ್ಟೇ: “ಕಸದ ಗಾಡಿ ಅಂತ ಎಲ್ರೂ ಮೂಗ್ ಮುಚ್ಕೋತಾರೆ ಮೇಷ್ಟ್ರೇ. ನಂಗ್ ಮಾತ್ರ ಸ್ಟೇರಿಂಗ್ ಕಾಣ್ಸುತ್ತೆ.”

ಮೇಷ್ಟ್ರು ಅಂಥ ಕೈಗಳನ್ನು ಕಂಡೇ ಇರಲಿಲ್ಲ. ಹಿಂದೆ ತೆಗೆಯುವ ಮೊದಲು ಇಳಿದು ನೋಡಬೇಕು, ಕ್ಲಚ್ಚನ್ನು ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಬಿಡಬೇಕು ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಎರಡು ಮಕ್ಕಳ ತಾಯಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮೂರನೇ ವಾರದಿಂದ ಕೋಲು ಹಿಂದಿನ ಸೀಟಿಗೆ ಹೋಯಿತು. ಎಲ್‌ಎಲ್ ಸಿಕ್ಕಿ ಒಂದು ತಿಂಗಳು ಕಳೆಯಿತು, ತುಮಕೂರಿನಲ್ಲಿ ಟೆಸ್ಟಿಗೆ ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಯ ಸ್ಲಾಟ್ ಸಿಕ್ಕಿತು. ಪಂಚಾಯಿತಿಯವರು ಶುಕ್ರವಾರದೊಳಗೆ ಲೈಸೆನ್ಸ್ ನಂಬರ್ ಕೊಡಬೇಕು ಎಂದಿದ್ದರು. ಕೊಡದಿದ್ದರೆ ಪಟ್ಟಿಯಲ್ಲಿ ಎರಡನೆಯ ಹೆಸರಿನ ಆಶಾರಾಣಿ. ಅವಳಿಗೆ ಹೋದ ವಾರವಷ್ಟೇ ಲೈಸೆನ್ಸ್ ಸಿಕ್ಕಿತ್ತು.

ಬುಧವಾರ ಬೆಳಗ್ಗೆ ಮೇಷ್ಟ್ರ ಹೆಂಡತಿ ಶಿವರುದ್ರಮ್ಮ ಪೇಪರು ಹಿಡಿದು ಅಡುಗೆಮನೆಯಿಂದ ಬಂದರು. ತುಮಕೂರು, ಗುಬ್ಬಿ, ಕುಣಿಗಲ್ಲು, ಮೂರೂ ಕಡೆ ಪೊಲೀಸರ ವಿಶೇಷ ತಪಾಸಣೆಯಂತೆ. ಇನ್ಶೂರೆನ್ಸ್ ಇಲ್ಲದ ಗಾಡಿ ಹಿಡಿದು ಹಾಕುತ್ತಿದ್ದಾರಂತೆ, ಲೈಸೆನ್ಸ್ ಇಲ್ಲದವರ ಮೇಲೆ ಕೇಸಂತೆ. ಇವತ್ತು ಬಾಡಿಗೆ ಕಾರಿನಲ್ಲಿ ಕಳಿಸಿಬಿಡಿ ಆ ಹುಡುಗಿಯನ್ನ ಎಂದರು.

“ಅವಳ ಎಲ್‌ಎಲ್ ಸರಿಯಾಗೈತೆ. ನಾನೇನ್ ಓಡಿಸ್ತೀನಾ?” ಎಂದರು ಮೇಷ್ಟ್ರು.

ಇನ್ಶೂರೆನ್ಸಿನ ಮಾತನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಇನ್ಶೂರೆನ್ಸಿನ ಕಾಗದ ಡ್ಯಾಶ್‌ಬೋರ್ಡಿನಲ್ಲಿ ಭದ್ರವಾಗಿತ್ತು. ಪ್ರತಿ ಆಯುಧಪೂಜೆಗೂ ಗಾಡಿಯ ಜೊತೆ ಅದಕ್ಕೂ ಪೂಜೆ. ವರ್ಷ ವರ್ಷದ ವಿಭೂತಿ ಕೂತು ಕೂತು, ಕಾಗದದ ಮೇಲೆ ಕೊನೆಯ ತಾರೀಕು ಇದ್ದ ಜಾಗ ಬರೀ ಬೂದಿಯಾಗಿತ್ತು. ಇನ್ಶೂರೆನ್ಸ್ ಎಂದರೆ ನವೀಕರಿಸುವ ವಸ್ತು ಎನ್ನುವುದು ಮರೆತು, ಅದು ಪೂಜಿಸುವ ವಸ್ತುವಾಗಿ ಎಷ್ಟೋ ಕಾಲವಾಗಿತ್ತು.

ವಾಣಿಶ್ರೀ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. ಅವಳು ಓಡಿಸಿದ ದಾರಿಯುದ್ದಕ್ಕೂ ಮೇಷ್ಟ್ರು ಒಂದು ಸಲವೂ ತಿದ್ದಲಿಲ್ಲ. ತಿದ್ದುವುದಕ್ಕೆ ಏನೂ ಇರಲಿಲ್ಲ. ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಬ್ಯಾರಿಕೇಡು ಕಂಡಿತು. ಪಕ್ಕದಲ್ಲಿ ಹಿಡಿದು ನಿಲ್ಲಿಸಿದ ಬೈಕುಗಳ ಸಾಲು, ಒಂದು ಗೂಡ್ಸ್ ಆಟೋ, ಫೋನಿನಲ್ಲಿ ಯಾರನ್ನೋ ಅಂಗಲಾಚುವ ಜನ. ಎಲ್ ಬೋರ್ಡ್ ನೋಡಿ ಒಬ್ಬ ಎಎಸ್‌ಐ ಕೈ ಅಡ್ಡ ಹಿಡಿದ. ಬಗ್ಗಿ ಒಳಗೆ ನೋಡಿದವನು ಟೋಪಿ ಸರಿ ಮಾಡಿಕೊಂಡು, ಮೇಷ್ಟ್ರೇ, ನೀವಾ ಎಂದ.

ಕುಣಿಗಲ್ಲಿನ ಗುರುಪ್ರಕಾಶ್. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಕುಣಿಗಲ್ ಕೆರೆಯ ಪಕ್ಕದ ಬಯಲಿನಲ್ಲಿ ಮೂರು ತಿಂಗಳು ಇದೇ ಕೋಲಿನ ಪೆಟ್ಟು ತಿಂದವನು. ಮೇಷ್ಟ್ರ ಎದೆ ಹಗುರವಾಯಿತು. ಈಯಮ್ಮಂಗೆ ಹನ್ನೊಂದಕ್ಕೆ ಟೆಸ್ಟು ಕಣಪ್ಪ, ಬೇಗ ಬುಡು ಎಂದು ಅಧಿಕಾರದಿಂದಲೇ ಹೇಳಿದರು.

ಗುರುಪ್ರಕಾಶನ ಕೈಯಲ್ಲಿದ್ದ ಪುಟ್ಟ ಮಿಷನ್ನಿಗೆ ಗುರುವೂ ಗೊತ್ತಿಲ್ಲ, ಗೌರವವೂ ಗೊತ್ತಿಲ್ಲ. ಗಾಡಿಯ ನಂಬರ್ ಒತ್ತಿದ ಕೂಡಲೇ, ಇನ್ಶೂರೆನ್ಸ್ ಮುಗಿದು ಆರು ವರ್ಷ ಎಂದಿತು. ಮೇಷ್ಟ್ರು ಡ್ಯಾಶ್‌ಬೋರ್ಡಿನ ಕಾಗದ ತೆಗೆದುಕೊಟ್ಟರು. ಗುರುಪ್ರಕಾಶ್ ಹೆಬ್ಬೆರಳಿನಲ್ಲಿ ವಿಭೂತಿ ಒರೆಸಿ ನೋಡಿ ಹಿಂದಕ್ಕೆ ಕೊಟ್ಟ. ಆಮೇಲೆ ಅವರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. ಗಾಡಿ ಬಿಡೋಕಾಗಲ್ಲ ಮೇಷ್ಟ್ರೇ, ಸಾಹೇಬರು ಅಲ್ಲೇ ನಿಂತವ್ರೆ. ಆದರೆ ಅವಳ ಮೇಲೆ ಕೇಸು ಬೇಡ. ಆಟೋದಲ್ಲಿ ಹೋಗಲಿ, ಟ್ರ್ಯಾಕಿನ ಹತ್ತಿರ ಬಾಡಿಗೆ ಕಾರು ಸಿಗುತ್ತದೆ, ಟೆಸ್ಟು ಕೊಡಲಿ. ಅದಕ್ಕೆ ಒಂದೇ ಒಂದು ಬೇಕು.

“ನಿಮ್ ಲೈಸೆನ್ಸ್ ಕೊಡಿ. ಪಕ್ಕದಲ್ಲಿ ಲೈಸೆನ್ಸ್ ಇರೋರು ಇದ್ರು ಅಂತ ಬರ್ಕೊಂಡು ಈಯಮ್ಮನ್ನ ಕಳಿಸ್ತೀನಿ.”

ಮೇಷ್ಟ್ರು ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಹಳೇ ಪುಸ್ತಕದಂಥ ಲೈಸೆನ್ಸು. ಫೋಟೋದಲ್ಲಿ ಗಾಡಿಯ ಬಂಪರಿನಷ್ಟು ಅಗಲದ ಮೀಸೆ. ಗುರುಪ್ರಕಾಶ್ ಒಂದೊಂದೇ ಪುಟ ತಿರುಗಿಸಿದ. ಕೊನೆಯ ಪುಟವನ್ನು ಎರಡು ಸಲ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು.

“ಹದ್ನಾಕು ವರ್ಷ, ಮೇಷ್ಟ್ರೇ.”

“ನಾನ್ ಓಡಿಸ್ಲಿಲ್ವಲ್ಲೋ” ಎಂದರು ಮೇಷ್ಟ್ರು. ಮನೆಯಲ್ಲಿ ಇಷ್ಟು ವರ್ಷ ಗಟ್ಟಿಯಾಗಿ ಕೇಳಿಸುತ್ತಿದ್ದ ಮಾತು ರಸ್ತೆಯಲ್ಲಿ ಬಹಳ ಸಣ್ಣದಾಗಿ ಕೇಳಿಸಿತು.

ನಿಯಮ ಹೇಳಲು ಗುರುಪ್ರಕಾಶನಿಗೆ ನಾಚಿಕೆ. ಆದರೂ ಹೇಳಿದ. ಪಕ್ಕದಲ್ಲಿ ಕೂತವರಿಗೆ ಲೈಸೆನ್ಸ್ ಇಲ್ಲದಿದ್ದರೆ, ಅವಳು ಒಬ್ಬಳೇ ಓಡಿಸಿದ ಲೆಕ್ಕ. ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. ಅಷ್ಟು ಹೊತ್ತಿಗೆ ಸಾಹೇಬರೂ ಇತ್ತ ತಿರುಗಿದ್ದರು. ಗುರುಪ್ರಕಾಶ್ ವಾಣಿಶ್ರೀಯ ಹೆಸರು, ವಿಳಾಸ ಕೇಳಿ ಬರೆದುಕೊಂಡ. ಬಂದವರದೆಲ್ಲ ಸರದಿಯಲ್ಲಿ ಬರೆಯಬೇಕು, ಸಹಿ ಹಾಕಿಸಬೇಕು. ಅದು ಮುಗಿಯುವಾಗ ಹನ್ನೊಂದು ದಾಟಿ ಇಪ್ಪತ್ತು ನಿಮಿಷವಾಗಿತ್ತು.

ಆ ಹೊತ್ತಿನಲ್ಲಿ ವಾಣಿಶ್ರೀ ಮೇಷ್ಟ್ರ ಮುಖ ನೋಡಿದ್ದು ಒಂದೇ ಸಲ, ಅದೂ ಪ್ರಶ್ನೆಯ ಹಾಗೆ. ಯಾವ ಗೇರಿನಲ್ಲಿದ್ದೇನೆಂದು ತಿಳಿಯದಾಗ ಶಿಷ್ಯರು ನೋಡುತ್ತಾರಲ್ಲ, ಹಾಗೆ. ನಾನು ಸುಳ್ಳು ಹೇಳಿರಲಿಲ್ಲ ಕಣಮ್ಮ ಎನ್ನಬೇಕೆನಿಸಿತು. ಅವಳು ಕೇಳಿರಲಿಲ್ಲ, ತಾನು ಹೇಳಿರಲಿಲ್ಲ, ಅಷ್ಟೇ. ಲೈಸೆನ್ಸಿನ ಮೊದಲಿಗಿರುವ ಆ ಇಂಗ್ಲಿಷಿನ ‘ಲೈ’ ಎಲ್ಲಿಂದ ಬಂದಿತೆಂದು ಜೀವಮಾನದಲ್ಲಿ ಮೊದಲ ಸಲ ಅವರಿಗೆ ಅರ್ಥವಾಯಿತು. ನಗು ಬರಲಿಲ್ಲ.

ಹಿಡಿದ ಕಾರನ್ನು ಸ್ಟೇಷನ್ನಿಗೆ ಸಾಗಿಸಬೇಕಿತ್ತು. ಅಭ್ಯಾಸಬಲದಿಂದ ಮೇಷ್ಟ್ರು, ನಾನೇ ತರ್ತೀನಿ ನಡಿ ಎಂದುಬಿಟ್ಟರು. ಗುರುಪ್ರಕಾಶ್ ತಲೆ ಅಡ್ಡಡ್ಡ ಆಡಿಸಿ ಬಲಗಡೆ ತಾನು ಕೂತ. ಮೇಷ್ಟ್ರು ಎಡಗಡೆ. ಸಿಗ್ನಲ್ ಹತ್ತಿರ ಬಂದಾಗ ಅವರ ಕೈ ತನ್ನಷ್ಟಕ್ಕೆ ಹಿಂದಿನ ಸೀಟಿಗೆ ಹೋಗಿ ಕೋಲು ಹುಡುಕಿತು. ಅದನ್ನು ಕಂಡೂ ಕಾಣದವನಂತೆ ಶಿಷ್ಯ ಮೆತ್ತಗೆ ಬ್ರೇಕು ಹಾಕಿದ. ಗುಬ್ಬಿ ಗೇಟಿನ ಬದಿಯಲ್ಲಿ ವಾಣಿಶ್ರೀ ಊರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಹೊರಡುವಾಗ ಮೇಷ್ಟ್ರು ಅವಳನ್ನು ತಿರುಗಿ ನೋಡಲಿಲ್ಲ. ಆಮೇಲೆ ಬಹಳ ದಿನ, ನೋಡಬೇಕಿತ್ತು ಎಂದುಕೊಂಡರು.

ಶುಕ್ರವಾರ ಕಳೆಯಿತು. ಕಸದ ಗಾಡಿ ಆಶಾರಾಣಿಗೆ ಹೋಯಿತು. ಮೇಷ್ಟ್ರು ಬಸ್ಸಿನಲ್ಲಿ ಆ ಪಂಚಾಯಿತಿಗೆ ಹೋಗಿ ತಪ್ಪು ನನ್ನದು, ಹುಡುಗಿಯದಲ್ಲ ಎಂದು ಒಂದು ಗಂಟೆ ಹೇಳಿ ಬಂದರು. ಕಚೇರಿಯವರು ಮರ್ಯಾದೆಯಿಂದ ಕೇಳಿಸಿಕೊಂಡರು, ಟೀ ಕೊಟ್ಟರು. ಆದೇಶ ಆಗಿಹೋಗಿತ್ತು. ಕಾರು ಬಿಡಿಸಿಕೊಂಡು ಬಂದು ಟಾರ್ಪಾಲು ಹೊದಿಸಿದರು. ಮನೆ ಮುಂದಿನ ಡ್ರೈವಿಂಗ್ ಕ್ಲಾಸಿನ ಬೋರ್ಡು ಇಳಿಸಿದರು. ಡಾಕ್ಟರ ಸರ್ಟಿಫಿಕೇಟು ತಂದು, ತಾವೂ ಎಲ್‌ಎಲ್ ಪರೀಕ್ಷೆಗೆ ಕೂತರು. ಪಕ್ಕದಲ್ಲೆಲ್ಲ ಕಾಲೇಜಿನ ಮಕ್ಕಳು. ಕಲಿಯುವವರ ಪಕ್ಕದಲ್ಲಿ ಯಾರಿರಬೇಕು ಎಂದು ಕಂಪ್ಯೂಟರು ಕೇಳಿದಾಗ ಮೇಷ್ಟ್ರು ಸರಿಯುತ್ತರವನ್ನೇ ಒತ್ತಿದರು. ಒತ್ತಿ, ಮುಂದಿನ ಪ್ರಶ್ನೆಗೆ ಹೋಗಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಎರಡು ತಿಂಗಳಾದ ಮೇಲೆ ವಾಣಿಶ್ರೀ ಮನೆಗೆ ಬಂದಳು. ಯಡಿಯೂರಿಗೆ ಹೋಗಿದ್ದಳಂತೆ, ಪ್ರಸಾದ ತಂದಿದ್ದಳು. ಬಾಡಿಗೆ ಕಾರಿನಲ್ಲಿ ಟೆಸ್ಟು ಕೊಟ್ಟು ಪಾಸಾಗಿದ್ದಳು. ಸದ್ಯಕ್ಕೆ ಓಡಿಸಲು ಗಾಡಿ ಯಾವುದೂ ಇಲ್ಲ, ಮತ್ತೆ ಹೊಲಿಗೆಗೇ ಕೂತಿದೀನಿ ಎಂದು ಬೇಸರವಿಲ್ಲದೆ ಹೇಳಿದಳು. ಆ ಬೇಸರವಿಲ್ಲದ ದನಿಯನ್ನು ಮೇಷ್ಟ್ರಿಗೆ ಕೇಳಲಾಗಲಿಲ್ಲ. ಮಾತು ಬದಲಿಸಲು, ಟೆಸ್ಟು ಹೇಗಾಯಿತು ಎಂದರು.

ರಿವರ್ಸು ನೋಡಿ ಇನ್ಸ್‌ಪೆಕ್ಟರು ಬೆರಗಾದರಂತೆ. ಹಿಂದೆ ತೆಗೆಯುವ ಮೊದಲು ಗಾಡಿಯಿಂದ ಇಳಿದು ಹಿಂದಿನ ಜಾಗ ನೋಡಿ ಬಂದವರನ್ನ ನಾನು ನೋಡೇ ಇರಲಿಲ್ಲ, ಯಾರಮ್ಮ ನಿಂಗೆ ಕಲಿಸಿದ್ದು ಎಂದು ಕೇಳಿದರಂತೆ.

“ಏನಂದೆ?” ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಂದಿದ್ದರು.

“ಯಾರೂ ಕಲಿಸ್ಲಿಲ್ಲ ಸಾರ್, ನಾನೇ ಕಲ್ತಿದ್ದು ಅಂದೆ” ಎಂದಳು ವಾಣಿಶ್ರೀ. “ನಿಮ್ ಹೆಸ್ರು ಬಾಯಿಗೆ ಬಂದಿತ್ತು ಮೇಷ್ಟ್ರೇ. ಮತ್ತೆ ನಿಮ್ಗೇನಾದ್ರೂ ತೊಂದ್ರೆ ಆದೀತು ಅಂತ ನುಂಗ್ಕೊಂಡೆ.”

ಮೇಷ್ಟ್ರು ಮತ್ತೆ ಹಿಂದಕ್ಕೆ ಒರಗಿದರು. ಒಳಗಿನಿಂದ ಶಿವರುದ್ರಮ್ಮ ಲೋಟ ತೊಳೆಯುವ ಸದ್ದು ಕೇಳಿಸುತ್ತಿತ್ತು.

“ಸರಿಯಾಗೇ ಹೇಳಿದೀಯ ಕಣಮ್ಮ. ಇನ್ಮೇಲೆ ಯಾರ್ ಕೇಳಿದ್ರೂ ಹಂಗೇ ಹೇಳು.”

ಅವಳು ಆಗಲಿ ಎಂದು ತಲೆ ಆಡಿಸಿದಳು. ಹೇಳಿಕೊಟ್ಟಿದ್ದನ್ನು ಒಂದೇ ಸಲಕ್ಕೆ ಕಲಿತುಬಿಡುತ್ತಿದ್ದಳು, ಮೊದಲಿನಿಂದಲೂ.